ಆಸ್ಪತ್ರೆಯ ಜೀನೋಮ್ ವಿಭಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಸಂಶೋಧನಾ ಆಸ್ಪತ್ರೆಯೊಂದರಿಂದ ಬಯೋಇನ್ಫರ್ಮ್ಯಾಟಿಕ್ಸ್ ಅನಲಿಸ್ಟ್ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದೆ. ಅಲ್ಲಿ ನಿಜಕ್ಕೂ ಮಾಡುವ ಕೆಲಸವೇನು?
– ಓದುಗರು, ದಾವಣಗೆರೆ

ಉತ್ತರ: ಅಪರೂಪದ ಆನುವಂಶಿಕ ಕಾಯಿಲೆಗೆ ಮಾಡುವ ಎಕ್ಸೋಮ್ ಪರೀಕ್ಷೆಯನ್ನೇ ನೋಡಿ. ಎಕ್ಸೋಮ್ ಎಂದರೆ ಸುಮಾರು 20,000 ಜೀನ್‌ಗಳಲ್ಲಿ ಪ್ರೋಟೀನಿಗೆ ಸಂಬಂಧಪಟ್ಟ ಭಾಗ. ಇಡೀ ಜೀನೋಮಿನಲ್ಲಿ ಶೇ. 1ರಿಂದ 2 ಅಷ್ಟೆ. ಡಿಎನ್‌ಎ ಓದುವ ಯಂತ್ರವಾದ ಸೀಕ್ವೆನ್ಸರ್‌ನಿಂದ ಬಂದ ಫಾಸ್ಟ್‌ಕ್ಯೂ ಫೈಲಿನ (ಓದಿದ ಅಕ್ಷರಗಳಿರುವ ಕಚ್ಚಾ ಫೈಲು) ಗುಣಮಟ್ಟ ನೋಡುವುದು ಮೊದಲ ಹೆಜ್ಜೆ. ಕ್ಯೂ30 ಎಂದರೆ ಸಾವಿರ ಅಕ್ಷರಕ್ಕೆ ಒಂದು ತಪ್ಪು. ಆಮೇಲೆ ರೀಡ್‌ಗಳನ್ನು (ಓದಿದ ಡಿಎನ್‌ಎ ತುಣುಕುಗಳು) ಬಿಡಬ್ಲ್ಯೂಎ ಎಂಬ ತಂತ್ರಾಂಶದ ಮೂಲಕ ಹೋಲಿಕೆಗೆ ಇಟ್ಟುಕೊಂಡ ರೆಫರೆನ್ಸ್ ಜೀನೋಮಿಗೆ ಜೋಡಿಸಿ, ಸಾರ್ಟ್ ಮಾಡಿ, ಡೂಪ್ಲಿಕೇಟ್‌ಗಳಿಗೆ ಗುರುತು ಹಾಕಿ, ಜಿಎಟಿಕೆ ತಂತ್ರಾಂಶ ಓಡಿಸಿದರೆ ವೇರಿಯಂಟ್‌ಗಳ (ರೆಫರೆನ್ಸ್‌ಗಿಂತ ಬೇರೆಯಾಗಿ ಕಂಡ ಬದಲಾವಣೆಗಳು) ಪಟ್ಟಿಯಾದ ವಿಸಿಎಫ್ ಫೈಲು ಸಿಗುತ್ತದೆ. ಇಷ್ಟನ್ನು ಪೈಪ್‌ಲೈನೇ (ಒಂದರ ಹಿಂದೊಂದು ತಾನಾಗಿ ಓಡುವ ಪ್ರೋಗ್ರಾಮುಗಳ ಸರಣಿ) ಮಾಡುತ್ತದೆ. ನಿಮ್ಮ ತಲೆಗೆ ಕೆಲಸ ಶುರುವಾಗುವುದು ಇಲ್ಲಿಂದಾಚೆಗೆ: ಇಪ್ಪತ್ತು ಸಾವಿರಕ್ಕೂ ಹೆಚ್ಚು ವೇರಿಯಂಟ್‌ಗಳನ್ನು ಜರಡಿ ಹಿಡಿದು ಬೆರಳೆಣಿಕೆಗೆ ಇಳಿಸಬೇಕು.

ಜನಸಾಮಾನ್ಯರಲ್ಲಿ ಶೇ. 1ಕ್ಕಿಂತ ಹೆಚ್ಚು ಕಾಣುವುದನ್ನು ತೆಗೆದುಹಾಕುವುದು ವಾಡಿಕೆ. ಆದರೆ ಕಣ್ಣುಮುಚ್ಚಿ ತೆಗೆಯಬೇಡಿ. ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರಗಳ ಒಂದು ಲೋಪವಿದೆ. ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ. 4 ಮಂದಿಯಲ್ಲಿ ಕಾಣುವ ಇದಕ್ಕೂ ಹೃದಯದ ಸ್ನಾಯುವಿನ ಕಾಯಿಲೆಗೂ ನಂಟಿದೆ ಎಂದು 2009ರಲ್ಲಿ ವರದಿಯಾಯಿತು. ಶೇ. 1ರ ಜರಡಿಯಲ್ಲಿ ಇದು ಬಿದ್ದುಹೋಗುತ್ತದೆ. ಜೀನಿನೊಳಗೆ ಪ್ರೋಟೀನಿಗೆ ಸಂಕೇತವಾಗದ ಭಾಗವಾದ ಇಂಟ್ರಾನಿನಲ್ಲಿರುವುದರಿಂದ ‘ಪ್ರೋಟೀನ್ ಬದಲಿಸುವುದು ಮಾತ್ರ ಸಾಕು’ ಎಂಬ ಜರಡಿಯಲ್ಲೂ ಉಳಿಯದು.

ಅಭ್ಯಾಸಕ್ಕೆ ಎನ್‌ಎ12878 ಎಂಬ, ಲ್ಯಾಬುಗಳು ಹೋಲಿಕೆಗೆ ಬಳಸುವ ಡಿಎನ್‌ಎ ಮಾದರಿಯ ದತ್ತಾಂಶ ಉಚಿತವಾಗಿ ಸಿಗುತ್ತದೆ, ಸರಿಯುತ್ತರದ ವಿಸಿಎಫ್ ಸಮೇತ. ಸಂದರ್ಶನಕ್ಕೆ ಮೊದಲು ಅದರ ಮೇಲೆ ಇಡೀ ಸರಣಿಯನ್ನು ಒಮ್ಮೆಯಾದರೂ ಓಡಿಸಿ, ನಿಮ್ಮ ಫಲಿತಾಂಶವನ್ನು ಅದಕ್ಕೆ ಹೋಲಿಸಿ ನೋಡಿ. ಸರ್ಟಿಫಿಕೇಟುಗಳಿಗಿಂತ ಅದಕ್ಕೇ ಹೆಚ್ಚು ಬೆಲೆ.

ಪ್ರಶ್ನೆ: ಬೆಡ್ ಫೈಲು (ಬೇಕಾದ ಜೀನೋಮ್ ಭಾಗಗಳ ಪಟ್ಟಿ) ಕೊಟ್ಟು ವಿಸಿಎಫ್ ಫಿಲ್ಟರ್ ಮಾಡಿದರೆ ಒಂದೂ ವೇರಿಯಂಟ್ ಉಳಿಯುತ್ತಿಲ್ಲ. ಎರರ್ ಕೂಡ ಬರುತ್ತಿಲ್ಲ. ಏಕೆ?
– ಓದುಗರು, ಮೈಸೂರು

ಉತ್ತರ: ಹತ್ತಕ್ಕೆ ಒಂಬತ್ತು ಪಾಲು ಕ್ರೋಮೋಸೋಮಿನ ಹೆಸರಿನ ತಕರಾರು. ಒಂದು ಫೈಲಿನಲ್ಲಿ ‘ಸಿಎಚ್‌ಆರ್1’, ಇನ್ನೊಂದರಲ್ಲಿ ಬರೀ ‘1’ ಇದ್ದರೆ ಎರಡೂ ಎಲ್ಲಿಯೂ ಸೇರುವುದಿಲ್ಲ, ಪ್ರೋಗ್ರಾಮು ತೆಪ್ಪಗೆ ಸೊನ್ನೆ ಕೊಡುತ್ತದೆ. ಹೆಸರು ಬದಲಿಸುವ ಮುಂಚೆ ವಿಸಿಎಫ್ ತಲೆಬರಹದ ಕಾಂಟಿಗ್ ಸಾಲುಗಳಲ್ಲಿ ಕ್ರೋಮೋಸೋಮುಗಳ ಉದ್ದ ನೋಡಿ, ಎರಡೂ ರೆಫರೆನ್ಸ್ ಜೀನೋಮಿನ ಒಂದೇ ಆವೃತ್ತಿಯವೇ ಎಂದು ಖಾತ್ರಿ ಮಾಡಿಕೊಳ್ಳಿ. 2009ರ ಜಿಆರ್‌ಸಿಎಚ್37ಕ್ಕೂ 2013ರ ಜಿಆರ್‌ಸಿಎಚ್38ಕ್ಕೂ ಸ್ಥಾನಗಳು ಬೇರೆ. ಆವೃತ್ತಿ ತಪ್ಪಿದ್ದು, ಹೆಸರು ಮಾತ್ರ ಹೊಂದಿಸಿದರೆ ಸೊನ್ನೆಯ ಬದಲು ತಪ್ಪು ಉತ್ತರ ಬರುತ್ತದೆ. ಇದು ಸೊನ್ನೆಗಿಂತ ಅಪಾಯ. ಮೈಟೊಕಾಂಡ್ರಿಯಾದಲ್ಲಿ ಇನ್ನೂ ಹುಷಾರು: ಜಿಆರ್‌ಸಿಎಚ್37ರದೇ ಇನ್ನೊಂದು ರೂಪವಾದ ಹಳೆಯ ಎಚ್‌ಜಿ19ರಲ್ಲಿ ಅದರ ಉದ್ದ 16,571, ಉಳಿದೆಡೆ ಬಳಸುವ ಮಾದರಿಯಲ್ಲಿ 16,569. ಹೆಸರು ಬದಲಿಸಿದ ಮಾತ್ರಕ್ಕೆ ಸರಿಹೋಗದು.

ಬೆಡ್ ಎಣಿಕೆ ಸೊನ್ನೆಯಿಂದ, ವಿಸಿಎಫ್ ಎಣಿಕೆ ಒಂದರಿಂದ ಎಂಬುದನ್ನೂ ಮರೆಯಬೇಡಿ. ವಿಸಿಎಫ್‌ನ 1000ನೇ ಸ್ಥಾನ ಬೆಡ್‌ನಲ್ಲಿ ‘999 1000’ ಆಗುತ್ತದೆ.

ಪ್ರಶ್ನೆ: ಸ್ಯಾಂಪಲ್ ಅದಲುಬದಲಾಗಿದೆಯೇ ಎಂದು ಫೈಲಿನಿಂದಲೇ ತಿಳಿಯಬಹುದೆ?
– ಓದುಗರು, ಮಂಗಳೂರು

ಉತ್ತರ: ಬಹುಮಟ್ಟಿಗೆ. ಎಕ್ಸ್ ಮತ್ತು ವೈ ಕ್ರೋಮೋಸೋಮಿನ ರೀಡ್‌ಗಳಿಂದ ಲಿಂಗ ತಿಳಿಯುತ್ತದೆ. ಅರ್ಜಿಯಲ್ಲಿ ಬರೆದದ್ದಕ್ಕೆ ತಾಳೆ ನೋಡಿ. ತಂದೆ-ತಾಯಿ-ಮಗುವಿನ ಸ್ಯಾಂಪಲ್ ಜೊತೆಗೆ ಬಂದಿದ್ದರೆ ಹೆತ್ತವರಿಗೂ ಮಗುವಿಗೂ ಕಿನ್‌ಶಿಪ್ ಗುಣಾಂಕ (ರಕ್ತಸಂಬಂಧದ ಅಳತೆ) 0.25ರ ಆಸುಪಾಸಿನಲ್ಲಿರಬೇಕು. ಗಂಡ-ಹೆಂಡತಿಯ ನಡುವೆ ಸಂಬಂಧ ಕಂಡೊಡನೆ ಗಾಬರಿ ಬೇಡ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದುಂಟು. ಸೋದರಮಾವ-ಸೋದರಸೊಸೆ ಜೋಡಿಗೆ ಸುಮಾರು 0.125, ಸೋದರತ್ತೆ-ಸೋದರಮಾವನ ಮಕ್ಕಳ ಜೋಡಿಗೆ 0.0625 ಬರುತ್ತದೆ. ತಂತ್ರಾಂಶ ಇದನ್ನು ದೋಷ ಎಂದು ಕೆಂಪಗೆ ತೋರಿಸಬಹುದು. ವೈದ್ಯರು ಬರೆದ ವಂಶವೃಕ್ಷ ತೆರೆದು ನೋಡಿ. ಅಂಥ ಮನೆಗಳಲ್ಲಿ ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆಯಿರುವ ರಿಸೆಸಿವ್ ಕಾಯಿಲೆಯನ್ನೇ ಮೊದಲು ಹುಡುಕುವುದು ಜಾಣತನ.

ರೋಗಿಗೆ ಹಿಂದೆ ಬೇರೆಯವರ ಅಸ್ಥಿಮಜ್ಜೆ ಕಸಿಯಾಗಿದ್ದರೆ ರಕ್ತದಲ್ಲಿ ಸಿಗುವುದು ಬಹುಪಾಲು ದಾನಿಯ ಡಿಎನ್‌ಎ. ಅದು ಅದಲುಬದಲಲ್ಲ. ಚರ್ಮದಿಂದ ಬೆಳೆಸಿದ ಕೋಶಗಳ ಮಾದರಿ ಕೇಳಿ. ಇನ್ನು ಗರ್ಭಸ್ಥ ಶಿಶುವಿನ ಸ್ಯಾಂಪಲ್: ಲಿಂಗ ತಿಳಿಸುವುದು 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಅಪರಾಧ. ಲಿಂಗ ತಾಳೆಯ ಲಾಗ್ ಫೈಲು ವರದಿಯ ಫೋಲ್ಡರಿಗೆ ತಾನಾಗಿಯೇ ನಕಲಾಗುವಂತೆ ಪೈಪ್‌ಲೈನ್ ಕಟ್ಟಿರಬಾರದು.

ಪ್ರಶ್ನೆ: ವೈದ್ಯರು ಎಕ್ಸೆಲ್‌ನಲ್ಲೇ ವೇರಿಯಂಟ್ ಪಟ್ಟಿ ಕೇಳುತ್ತಾರೆ. ಕೊಡಬಹುದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಕೊಡಿ, ಆದರೆ ಜೀನ್ ಹೆಸರಿನ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ನಿಗದಿ ಮಾಡಿ. ‘ಸೆಪ್ಟ್2’ ಜೀನು ಎಕ್ಸೆಲ್‌ನಲ್ಲಿ ಸೆಪ್ಟೆಂಬರ್ 2 ಆಗಿಬಿಡುತ್ತದೆ. ಈ ಕಾಟಕ್ಕೇ ಹೆಸರಿಡುವ ಸಮಿತಿ 2020ರ ಹೊತ್ತಿಗೆ ಅದನ್ನು ‘ಸೆಪ್ಟಿನ್2’ ಎಂದು ಬದಲಿಸಿತು. ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರೇ ಇದೆ.