ಮಲ್ಲಿಗೆ ಬಾಡದಂತೆ ಹಳೆಯ ಛಾಯೆ

ಪ್ರಶ್ನೆ: ಉಡುಪಿಯ ರಥಬೀದಿಯಲ್ಲಿ ಬೆಳಗಿನ ಹೊತ್ತು ಮೊಬೈಲ್‌ನಲ್ಲಿ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಮನೆಯ ಆಲ್ಬಮ್ಮಿನಲ್ಲಿ 1980ರ ಸುಮಾರಿನ ಬಣ್ಣದ ಫೋಟೋಗಳಿವೆ. ಅವುಗಳ ಛಾಯೆ ನನ್ನ ಚಿತ್ರಗಳಿಗೂ ಬರಲೆಂದು ಆ್ಯಪ್‌ನ ಸಿದ್ಧ ಫಿಲ್ಟರ್ ಹಾಕಿದರೆ ಎಲ್ಲವೂ ಚಹಾದಲ್ಲಿ ಅದ್ದಿದಂತಾಗುತ್ತದೆ. ಬುಟ್ಟಿಯಲ್ಲಿರುವ ಶಂಕರಪುರ ಮಲ್ಲಿಗೆ ಬಾಡಿದಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಚಿತ್ರದೊಳಗಿನ ಸ್ಕೂಟರ್, ಫ್ಲೆಕ್ಸ್‌ಗಳನ್ನು ಅಳಿಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಇಂತಹ ಫಿಲ್ಟರುಗಳಲ್ಲಿ ಹೆಚ್ಚಿನವು ಎರಡು ಬೇರೆ ಬೇರೆ ಕಾಲದ ಗುಣಗಳನ್ನು ಒಟ್ಟಿಗೆ ಕಲಸಿಬಿಡುತ್ತವೆ. ಸೆಪಿಯಾ ಎಂಬ ಕಂದು ಛಾಯೆ ಕಪ್ಪು-ಬಿಳುಪು ಚಿತ್ರಕ್ಕೆ ಸೇರಿದ್ದು. ಮುದ್ರಣದಲ್ಲಿರುವ ಬೆಳ್ಳಿಯನ್ನು ರಾಸಾಯನಿಕ ಕ್ರಿಯೆಯಿಂದ ಬೆಳ್ಳಿಯ ಸಲ್ಫೈಡ್ ಆಗಿ ಮಾರ್ಪಡಿಸಿದಾಗ ಅದು ಮೂಡುತ್ತದೆ. ನಿಮ್ಮ ಆಲ್ಬಮ್ಮಿನ ಬಣ್ಣದ ಫೋಟೋದಲ್ಲಿರುವುದು ಬೆಳ್ಳಿಯಲ್ಲ, ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆಗೆಂಪು) ಮತ್ತು ಹಳದಿ ಎಂಬ ಮೂರು ವರ್ಣದ್ರವ್ಯಗಳ ಪದರಗಳು. ಆ ಕಾಲದ ಅನೇಕ ಮುದ್ರಣ ಕಾಗದಗಳಲ್ಲಿ, ಫೋಟೋವನ್ನು ಬೆಳಕು ತಾಗದಂತೆ ಇಟ್ಟಿದ್ದರೂ, ಸಯಾನ್ ಮೊದಲು ಕ್ಷೀಣಿಸುತ್ತದೆ. ಆದುದರಿಂದಲೇ ಆಕಾಶ ಬಿಳಿಚಿಕೊಳ್ಳುತ್ತದೆ, ತೆಂಗಿನ ಗರಿಯ ಹಸಿರು ಹಳದಿಯತ್ತ ಸರಿಯುತ್ತದೆ, ನೆರಳುಗಳು ಕೆಂಪೇರುತ್ತವೆ. ಮಾಡಿನ ಹಂಚಿನ ಕೆಂಪು ಮಾತ್ರ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ, ಏಕೆಂದರೆ ಕೆಂಪು ಮೂಡುವುದು ಮಜೆಂಟಾ ಮತ್ತು ಹಳದಿ ಸೇರಿ.

ಈ ಕೊನೆಯ ಅಂಶವನ್ನು ನಮ್ಮ ಕರಾವಳಿಯವರು ಮರೆಯಬಾರದೆಂಬುದು ನನ್ನ ವಿನಂತಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಬೀದಿಗಳಿಗೆ ಆ ಕೆಂಪೇ ಗುರುತಾಯಿತು. ಅದನ್ನೂ ಕಂದು ಮಾಡಿಬಿಟ್ಟರೆ ಚಿತ್ರ ಯಾವ ಊರಿನದೆಂದು ಹೇಳಲಾಗದು.

ಫಿಲ್ಟರ್ ಬಿಟ್ಟು, ಸ್ನ್ಯಾಪ್‌ಸೀಡ್ ಅಥವಾ ಲೈಟ್‌ರೂಮ್ ಎಂಬ ಚಿತ್ರ ತಿದ್ದುವ ಆ್ಯಪ್‌ನಲ್ಲಿ, ನೆರಳು-ಬೆಳಕನ್ನು ಗೆರೆಯೊಂದರಿಂದ ತಿದ್ದುವ ಕರ್ವ್ಸ್ ಸಾಧನವನ್ನು ತೆರೆಯಿರಿ. ಓರೆಗೆರೆಯ ಕೆಳತುದಿ ಕಡುಕಪ್ಪನ್ನೂ ಮೇಲ್ತುದಿ ಶುದ್ಧ ಬಿಳುಪನ್ನೂ ಸೂಚಿಸುತ್ತವೆ. ಅಳತೆ 0ಯಿಂದ 255. ಕೆಳತುದಿಯನ್ನು ಸುಮಾರು 20ಕ್ಕೆ ಎತ್ತಿದರೆ ಕಪ್ಪು ತನ್ನ ಗಾಢತೆಯನ್ನು ಕಳೆದುಕೊಂಡು, ಹಳೆಯ ಕಾಗದದ ಮೇಲಿನ ಕಪ್ಪಿನಂತೆ ಮೃದುವಾಗುತ್ತದೆ. ಅನಂತರ ಕೆಂಪು ಚಾನೆಲ್‌ನ (ಕೆಂಪು ಬಣ್ಣಕ್ಕಷ್ಟೇ ಇರುವ ಗೆರೆಯ) ಕೆಳತುದಿಯನ್ನು ಮಾತ್ರ ಇನ್ನೂ ಐದಾರು ಅಂಕ ಮೇಲೇರಿಸಿ. ನೆರಳಿಗೆ ಬೇಕಾದ ಕೆಂಪು ಅಲ್ಲಿಂದ ಬರುತ್ತದೆ. ಕಾಗದ ಹಳದಿಯಾದ ಭಾವಕ್ಕೆ ನೀಲಿ ಚಾನೆಲ್‌ನ ಮೇಲ್ತುದಿಯನ್ನು 240ರ ಆಸುಪಾಸಿಗೆ ಇಳಿಸಿದರೆ ಸಾಕು. ಕೆಂಪು, ಹಸಿರು ಚಾನೆಲ್‌ಗಳ ಮೇಲ್ತುದಿಯನ್ನು ಮುಟ್ಟದಿರುವುದರಿಂದ ಮಲ್ಲಿಗೆ ಕೆನೆಬಣ್ಣಕ್ಕೆ ತಿರುಗುತ್ತದೆಯೇ ಹೊರತು ಮಾಸುವುದಿಲ್ಲ. ಸಿದ್ಧ ಫಿಲ್ಟರ್ ಕಂದನ್ನು ನೆರಳು, ಬೆಳಕು ಎರಡಕ್ಕೂ ಬಳಿದು ಬಿಳುಪಿನ ಹೊಳಪನ್ನೇ ತಗ್ಗಿಸಿದ್ದರಿಂದ ನಿಮ್ಮ ಮಲ್ಲಿಗೆ ಬಾಡಿತು. ಬಳಿಕ, ಲೈಟ್‌ರೂಮ್‌ನಲ್ಲಿ ಬಣ್ಣಗಳನ್ನು ಬಿಡಿಬಿಡಿಯಾಗಿ ತಿದ್ದಬಹುದಾದ್ದರಿಂದ, ನೀಲಿ ಮತ್ತು ಹಸಿರಿನ ಗಾಢತೆಯನ್ನು ತಗ್ಗಿಸಿ, ಕೆಂಪು ಮತ್ತು ಕಿತ್ತಳೆಯನ್ನು ಇದ್ದಂತೆಯೇ ಬಿಡಿ.

ಫಿಲ್ಮಿನ ಕಣಕಣವಾದ ನೋಟ ಬೇಕಿದ್ದರೆ ಗ್ರೇನ್ ಸೇರಿಸಬಹುದು, ಆದರೆ ಚಿತ್ರವನ್ನು ನಿಜಗಾತ್ರಕ್ಕೆ ಹಿಗ್ಗಿಸಿ ನೋಡಿಕೊಂಡು, ಮಿತವಾಗಿ. ಅಂಚುಗಳನ್ನು ಕಪ್ಪಾಗಿಸುವುದು, ಗೀರು ಮತ್ತು ಹರಿದ ಕಾಗದದ ಗುರುತುಗಳನ್ನು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಅವು ಕಣ್ಣನ್ನು ಬೀದಿಯಿಂದ ಬೇರೆಡೆಗೆ ಸೆಳೆಯುತ್ತವೆ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಅಳಿಸಬೇಡಿ. ನಿಮ್ಮ ಆಲ್ಬಮ್ಮಿನ ಫೋಟೋಗಳಲ್ಲಿ ನಿಮಗೆ ಪ್ರಿಯವಾಗಿರುವುದು ಬಣ್ಣವೊಂದೇ ಅಲ್ಲ. ಅಂದಿನ ಅಂಗಡಿ ಫಲಕ, ಸೈಕಲ್, ಉಡುಪುಗಳೂ ಹೌದು. ಅಂದು ಫೋಟೋ ತೆಗೆದವರಿಗೆ ಅವೂ ಇಂದಿನ ಫ್ಲೆಕ್ಸಿನಷ್ಟೇ ಸಾಮಾನ್ಯವಾಗಿದ್ದವು. ಮುಂದೊಂದು ದಿನ ನಿಮ್ಮ ಚಿತ್ರವನ್ನು ನೋಡುವವರಿಗೆ ಮೊಬೈಲ್ ಅಂಗಡಿಯ ಫಲಕವೇ ಕಾಲದ ಸಾಕ್ಷಿಯಾದೀತು. ಸ್ಕೂಟರ್ ಕಣ್ಣಿಗೆ ಚುಚ್ಚುವುದಾದರೆ ಇನ್ನೂ ಬೇಗ ಹೋಗಿ, ಅಷ್ಟಮಠಗಳ ಹಂಚಿನ ಮಾಡು, ಕಂಬಗಳು ಚೌಕಟ್ಟಿನೊಳಗೆ ಬರುವಂತೆ ನಿಲ್ಲುವ ಜಾಗ ಬದಲಿಸಿ. ಅಳಿಸಲೇಬೇಕಾದರೆ ಅಡಿಬರಹದಲ್ಲಿ ಅದನ್ನು ತಿಳಿಸಿ. ಚಿತ್ರದ ಮೂಲೆಯಲ್ಲಿ ಹಳೆಯ ಇಸವಿಯನ್ನು ಮುದ್ರಿಸುವ ಸೌಲಭ್ಯವನ್ನಂತೂ ಬಳಸಲೇಬೇಡಿ; ಅದು ಛಾಯೆಯಲ್ಲ, ಸುಳ್ಳು ದಾಖಲೆ.

ಮೂಲ ಚಿತ್ರದ ಪ್ರತಿಯನ್ನು ತೆಗೆದ ದಿನಾಂಕ, ಸ್ಥಳಗಳೊಂದಿಗೆ ಬೇರೆಯಾಗಿ ಕಾಪಾಡಿ. ಮೊದಲು ಮಲ್ಲಿಗೆ ಬುಟ್ಟಿಯ ಚಿತ್ರವನ್ನೇ ತಿದ್ದಿ, ಆಲ್ಬಮ್ಮಿನ ಫೋಟೋವೊಂದನ್ನು ಹಗಲ ಬೆಳಕಿನಲ್ಲಿ ಪಕ್ಕಕ್ಕಿಟ್ಟು ಹೋಲಿಸಿ ನೋಡಿ.