ಮಗಳಿಗೆ ‘ಇಳಾ’ ಅಂತ ಹೆಸರಿಡಬಹುದಾ? ಜನ ತಪ್ಪಾಗಿ ಕರೆಯುತ್ತಾರೆ ಅಂತಾರಲ್ಲ?

ನನ್ನ ಹೆಸರೇ ಇಳಾ. ಅರ್ಥ ಏನು, ‘ಇಲಾ’ನಾ ‘ಇಳಾ’ನಾ, ಇಂಗ್ಲಿಷಿನಲ್ಲಿ ಎರಡು ಎಲ್ ಹಾಕಿದರೆ ಸರಿ ಹೋಗುತ್ತಾ ಅಂತ ಕೇಳಿದ್ದೀರಿ. ಎರಡನೇ ಎಲ್ ದಯವಿಟ್ಟು ಬೇಡ.

ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರು ಐ-ಎಲ್-ಎ ಅಂತಲೇ ಇತ್ತು. ಶಾಲೆಗೆ ಸೇರಿಸುವಾಗ ಅಪ್ಪ, ‘ಳ’ ಗಟ್ಟಿಯಾಗಿ ಬರಲಿ ಅಂತ ಇನ್ನೊಂದು ಎಲ್ ಸೇರಿಸಿ ಬರೆಸಿದರು. ಆದರೆ ಎರಡು ಎಲ್ ಕಂಡರೆ ನಾವು ಓದುವುದು ಒತ್ತಕ್ಷರ ಅಂತ, ಅಲ್ವಾ? ಹೊಸ ಟೀಚರ್ ಬಂದಾಗೆಲ್ಲ ಹಾಜರಿಯಲ್ಲಿ ‘ಇಲ್ಲಾ’ ಅಂತ ಕರೆಯುತ್ತಿದ್ದರು. ನಾನು ಎದ್ದು ನಿಂತು ‘ಇದ್ದೀನಿ ಮಿಸ್’ ಅನ್ನಬೇಕು, ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಅದನ್ನು ಬಿಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಅದೇ ಹೋಯಿತು. ಆಧಾರ್‌ನಲ್ಲಿ ಒಂದೇ ಎಲ್. ಪಾಸ್‌ಪೋರ್ಟ್ ಮಾಡಿಸಲು ಹೋದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ನೋಟರಿ ಹತ್ತಿರ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಶಾಲೆಗೆ ಅರ್ಜಿ ಅಂತ ಓಡಾಡುವಷ್ಟರಲ್ಲಿ ಹೊರದೇಶದಲ್ಲಿ ಸಿಕ್ಕಿದ್ದ ಸೀಟು ಕೈತಪ್ಪಿತು. ಬಲೆಗೂ ಬಳೆಗೂ ಇಂಗ್ಲಿಷಿನಲ್ಲಿ ಒಂದೇ ಸ್ಪೆಲ್ಲಿಂಗ್. ಆ ಅಕ್ಷರಗಳಲ್ಲಿ ‘ಳ’ ಇಲ್ಲವೇ ಇಲ್ಲ. ಎಷ್ಟು ಎಲ್ ಸುರಿದರೂ ಅದು ಬರುವುದಿಲ್ಲ.

ಇನ್ನು ಅರ್ಥ. ನಾವು ‘ಇಳೆ’ ಅನ್ನುತ್ತೇವಲ್ಲ, ಭೂಮಿ, ಅದೇ ಇದು. ಋಗ್ವೇದದಲ್ಲಿ ಇಳಾ, ಸರಸ್ವತೀ, ಮಹೀ ಅಂತ ಮೂವರು ದೇವಿಯರನ್ನು ಒಟ್ಟಿಗೆ ಕರೆಯುತ್ತಾರೆ. ಅಲ್ಲಿ ಇಳಾ ಅಂದರೆ ಹವಿಸ್ಸು, ಅನ್ನ. ‘ಅಗ್ನಿಮೀಳೇ’ ಅಂತ ಋಗ್ವೇದ ಶುರುವಾಗುತ್ತದಲ್ಲ, ಅದರಲ್ಲಿರುವುದೂ ಇದೇ ‘ಳ’. ಪುರಾಣದ ಇಳಾ ಮನುವಿನ ಮಗಳು, ಬುಧನ ಹೆಂಡತಿ, ಪುರೂರವನ ತಾಯಿ. ಚಂದ್ರವಂಶ ಬೆಳೆದದ್ದೇ ಅವಳಿಂದ. ಆಕೆ ಗಂಡಾಗಿ ಹೆಣ್ಣಾಗಿ ಬದಲಾದ ಕಥೆ ಹೇಳಿ ನಿಮ್ಮ ಅತ್ತೆ ಬೇಡ ಅಂದರೆ, ಈ ವಂಶದ ಮಾತನ್ನೂ ಹೇಳಿ.

‘ಇಲಾ’ ಅನ್ನುವುದು ತಪ್ಪೇನಲ್ಲ. ಗುಜರಾತಿನಲ್ಲಿ ಹಾಗೇ ಅನ್ನುತ್ತಾರೆ. 1972ರಲ್ಲಿ ಸ್ವಂತ ದುಡಿಮೆಯ ಹೆಣ್ಣುಮಕ್ಕಳಿಗಾಗಿ ‘ಸೇವಾ’ ಸಂಘಟನೆ ಕಟ್ಟಿದ ಇಲಾ ಭಟ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಇ-ಎಲ್-ಎ ಅಂತ ಬರೆಯುತ್ತಿದ್ದರು. ನಮ್ಮ ಬಾಯಲ್ಲಿ ಮಾತ್ರ ಅದು ಇಳಾ.

ಜನ ತಪ್ಪಾಗಿ ಕರೆಯುತ್ತಾರೆ ಅಂತ ಬೇರೆ ಹೆಸರು ಹುಡುಕುತ್ತಿದ್ದೀರಲ್ಲ, ಅದನ್ನಂತೂ ನಾನು ಒಪ್ಪಲ್ಲ. ಕನ್ನಡದಲ್ಲಿ ಬರೆದಿದ್ದರೆ ಯಾರೂ ತಪ್ಪು ಓದುವುದಿಲ್ಲ. ಇಂಗ್ಲಿಷಿನಲ್ಲಿ ನೋಡಿ ಕರೆದವರಿಗೆ ಒಂದೆರಡು ಸಲ ಹೇಳಿದರೆ ಕಲಿಯುತ್ತಾರೆ. ಅರ್ಜಿಗಳಲ್ಲಿ ಮಾತ್ರ ಎಲ್ಲ ದೊಡ್ಡ ಅಕ್ಷರದಲ್ಲೇ ಬರೆಯಿರಿ. ಇಲ್ಲದಿದ್ದರೆ ದೊಡ್ಡ ಐ, ಚಿಕ್ಕ ಎಲ್ ಕಂಪ್ಯೂಟರಿನಲ್ಲಿ ಒಂದೇ ಥರ ಕಾಣುತ್ತವೆ.

ಆಸ್ಪತ್ರೆಯಲ್ಲಿ ಗಡಿಬಿಡಿ ಮಾಡಬೇಡಿ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ನಿಜ. ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ. ಸೇರಿಸುವಾಗ ನೀವೇ ಎದುರು ನಿಂತು, ಕನ್ನಡದ ಸಾಲಿನಲ್ಲಿ ‘ಳ’ ಬಂದಿದೆಯಾ ನೋಡಿಯೇ ಪ್ರಿಂಟ್ ತೆಗೆಸಿ.