ಬೈಕ್ ಪಂಚರ್ ಆದಾಗ ರಸ್ತೆ ಬದಿಯಲ್ಲೇ ಗಾಳಿ ತುಂಬಿಸಲು ಯಾವ ಪಂಪ್ ಇಟ್ಟುಕೊಳ್ಳಬೇಕು?

ಪುಣೆಯಲ್ಲಿ ಕೆಲಸ, ಆಗಾಗ ಬೈಕ್ ಮೇಲೆ ಬೆಳಗಾವಿಗೆ ಹೋಗಿಬರುತ್ತೀರಿ. ದಾರಿಯಲ್ಲಿ ಪಂಚರ್ ಆದರೆ ಗಾಳಿ ತುಂಬಿಸಲು ಕಾಲು ಪಂಪ್ ಬೇಕಾ, ಬ್ಯಾಟರಿ ಪಂಪ್ ಸಾಕಾ, ಅಥವಾ ಗ್ಯಾಸ್ ಕಾರ್ಟ್ರಿಜ್ ಒಳ್ಳೆಯದಾ ಅಂತ ಕೇಳಿದ್ದೀರಿ.

ಕಾಲು ಪಂಪ್ ತಗೊಳ್ಳಿ. ನಾನೂ ಈಗ ಚಿಂಚವಾಡದಲ್ಲೇ ಇದ್ದೇನೆ, ಊರು ಗೋಕಾಕ ಕಡೆ. ನಿಮ್ಮ ದಾರಿಯೇ ನನ್ನ ದಾರಿ. ಈ ರಸ್ತೆಗೆ ಕಾಲು ಪಂಪಿನಷ್ಟು ನಂಬಿಕೆಯ ವಸ್ತು ಇನ್ನೊಂದಿಲ್ಲ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. 150 ಸಿಸಿ ಬೈಕಿನ ಹಿಂದಿನ ಟೈರಿನೊಳಗೆ ಹೆಚ್ಚುಕಡಿಮೆ 9-10 ಲೀಟರ್ ಜಾಗ ಇರುತ್ತದೆ. ಪೂರ್ತಿ ಇಳಿದ ಟೈರು 28-30 ಪಿಎಸ್‌ಐಗೆ (ಪಿಎಸ್‌ಐ ಅಂದರೆ ಟೈರಿನೊಳಗಿನ ಗಾಳಿಯ ಒತ್ತಡದ ಅಳತೆ) ಬರಬೇಕೆಂದರೆ ಹೊರಗಿನ ಗಾಳಿ ಸುಮಾರು 20 ಲೀಟರ್ ಒಳಗೆ ಹೋಗಬೇಕು. ಕಾಲು ಪಂಪ್ ಒಂದು ಸಲ ತುಳಿದರೆ ಕಾಲು ಲೀಟರ್‌ನಷ್ಟು ಗಾಳಿ ತಳ್ಳುತ್ತದೆ. ಅಂದರೆ 80-90 ಸಲ ತುಳಿದರೆ ಕೆಲಸ ಮುಗಿಯಿತು. ಅದೇ ಸೈಕಲ್ಲಿಗೆ ಸಿಕ್ಕಿಸುವ ಗೇಣುದ್ದದ ಕೈಪಂಪು ಒಂದು ಸಲಕ್ಕೆ 50 ಎಂಎಲ್ ತಳ್ಳಿದರೆ ಹೆಚ್ಚು. 400 ಸಲ ಹೊಡೆಯಬೇಕು. ಬಿಸಿಲಲ್ಲಿ ತೋಳು ಬಿದ್ದುಹೋಗುತ್ತದೆ.

ಗ್ಯಾಸ್ ಕಾರ್ಟ್ರಿಜ್ ವಿಷಯಕ್ಕೂ ಇದೇ ಲೆಕ್ಕ. ಅದು ಒತ್ತಿ ತುಂಬಿದ ಗ್ಯಾಸಿನ ಪುಟ್ಟ ಲೋಹದ ಡಬ್ಬಿ. ಸಾಮಾನ್ಯವಾಗಿ ಅದರಲ್ಲಿರುವುದು 16 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹೊರಗೆ ಬಿಟ್ಟರೆ ಸುಮಾರು 9 ಲೀಟರ್ ಆಗುತ್ತದೆ. ಒಂದು ಕಾರ್ಟ್ರಿಜ್ ಖಾಲಿ ಮಾಡಿದರೂ ಟೈರಿಗೆ ಬರುವುದು 13-14 ಪಿಎಸ್‌ಐ ಮಾತ್ರ. ಒಂದು ಟೈರಿಗೆ ಎರಡು ಬೇಕೇ ಬೇಕು. ತೇಪೆ ಸರಿಯಾಗಿ ಕೂರದೆ ಗಾಳಿ ಮತ್ತೆ ಇಳಿದರೆ ಮುಂದೇನು? ಸೈಕಲ್ಲಿನ ಸಣ್ಣ ಟೈರಿಗೆ ಅದು ಚೆನ್ನ, ನಮಗಲ್ಲ. ಬಿಡುವಾಗ ಲೋಹ ಮಂಜಿನಷ್ಟು ತಣ್ಣಗಾಗುತ್ತದೆ, ಬರಿಗೈಯಲ್ಲಂತೂ ಹಿಡಿಯಬೇಡಿ.

ಬ್ಯಾಟರಿ ಪಂಪ್ ಆರಾಮ, ಒಪ್ಪುತ್ತೇನೆ. ಬೇಕಾದ ಪಿಎಸ್‌ಐ ಒತ್ತಿದರೆ ತಾನೇ ತುಂಬಿಸಿ ತಾನೇ ನಿಲ್ಲುತ್ತದೆ. ಆದರೆ ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಬಿದ್ದಿದ್ದು, ಬೇಕಾದ ದಿನ ಚಾರ್ಜ್ ಇಲ್ಲದಿದ್ದರೆ ಅದು ಸುಮ್ನೆ ಭಾರ. ಇನ್ನು ಕಾರಿಗೆ ಮಾಡಿದ 12 ವೋಲ್ಟಿನ ಕಂಪ್ರೆಸರ್ 10 ಆಂಪಿಯರ್ ಅಥವಾ ಅದಕ್ಕಿಂತ ಜಾಸ್ತಿ ಕರೆಂಟ್ ಎಳೆಯಬಹುದು. ಬೈಕಿನ ಮೊಬೈಲ್ ಚಾರ್ಜರ್ ಸಾಕೆಟ್‌ಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಬ್ಯಾಟರಿಗೇ ನೇರ ಕ್ಲಿಪ್ ಹಾಕಬೇಕು, ಇಂಜಿನ್ ಚಾಲೂ ಇರಬೇಕು. ಈಗಿನ ಎಷ್ಟೋ ಬೈಕುಗಳಿಗೆ ಕಿಕ್ಕರ್ ಇಲ್ಲ. ಬ್ಯಾಟರಿ ಇಳಿದರೆ ಟೈರ್ ತುಂಬಿದ್ದರೂ ತಳ್ಳಿಕೊಂಡೇ ಹೋಗಬೇಕಾಗುತ್ತದೆ ಅಲ್ವಾ?

ಪಂಪಿಗಿಂತ ದೊಡ್ಡ ಮಾತು ಒಂದಿದೆ, ಇದನ್ನು ದಯವಿಟ್ಟು ನೆನಪಿಡಿ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದರೆ ತಕ್ಷಣ ಕೀಳಬೇಡಿ. ಕಳೆದ ಮಳೆಗಾಲದಲ್ಲಿ ಪುಣೆ-ಸಾತಾರಾ ನಡುವಿನ ಶಿರವಳ ದಾಟಿದ ಮೇಲೆ ಗೆಳೆಯನ ಹಿಂದಿನ ಟೈರು ಅಲ್ಲಾಡತೊಡಗಿತು. ನಿಲ್ಲಿಸಿ ಚಕ್ರ ತಿರುಗಿಸಿದರೆ ಮೊಳೆಯ ತಲೆ ಸವೆದು ನಾಣ್ಯದ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಸ್ವಲ್ಪ ನೀರು ಸುರಿದೆವು. ಅಂಚಿನಲ್ಲಿ ಸಣ್ಣ ಗುಳ್ಳೆ ಒಂದೊಂದಾಗಿ ಎದ್ದು ಒಡೆಯುತ್ತಿದ್ದವು. ಅವನು ಕಟಿಂಗ್ ಪ್ಲೇಯರ್ ಹಿಡಿದು "ಕಿತ್ತು ಬಿಡ್ಲೇನು?" ಅಂದ. "ಬ್ಯಾಡೋ, ಅದನ್ನ ಮುಟ್ಟಬ್ಯಾಡ" ಅಂದೆ. ಗಾಳಿ ಹೋಗುತ್ತಿದ್ದದ್ದು ಇಷ್ಟಿಷ್ಟೇ, ಮೊಳೆಯೇ ಬೆಣೆಯಾಗಿ ನಿಂತಿತ್ತು. ಪಂಪ್ ಹೊಡೆದು, 40ರ ವೇಗದಲ್ಲಿ ನಿಧಾನ ಹೋಗಿ, ಖಂಬಾಟ್ಕಿ ಘಾಟ್ ಹತ್ತುವ ಮೊದಲೇ ಪಂಚರ್ ಅಂಗಡಿ ಹಿಡಿದೆವು. ಅಲ್ಲಿ ಕೀಳಿಸಿ, ತೂತು ಮುಚ್ಚಲು ರಬ್ಬರ್ ಎಳೆ ತುಂಬಿಸಿಕೊಂಡದ್ದಾಯಿತು. ದಾರಿಯಲ್ಲೇ ಕಿತ್ತಿದ್ದರೆ ಟೈರು ಕ್ಷಣದಲ್ಲಿ ಚಪ್ಪಟೆ, ಮೇಲೆ ಸುರಿಯುವ ಮಳೆ.

ಗಾಳಿ ಬೇಗ ಹೋಗುತ್ತಿದ್ದರೆ ಮಾತ್ರ ಅಲ್ಲೇ ಎಳೆ ತುಂಬಿಸಬೇಕು, ಅದಕ್ಕೆ ಕಿಟ್ ಜೊತೆಗಿರಲಿ. ಚಪ್ಪಟೆ ಟೈರಿನ ಮೇಲೆ "ಇನ್ನೊಂದು ಕಿಲೋಮೀಟರ್ ತಾನೇ" ಅಂತ ಓಡಿಸಬೇಡಿ. ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಂಡರೆ ಕಾಲು ಪಂಪೂ ಕೆಲಸಕ್ಕೆ ಬರುವುದಿಲ್ಲ. ತುಳಿದಷ್ಟೂ ಗಾಳಿ ಸಂದಿಯಿಂದ ಹೊರಗೆ ಹೋಗುತ್ತದೆ. ಆಗ ಟೈರಿನ ಸುತ್ತ ನಡುವಿನಲ್ಲಿ ಹಗ್ಗ ಬಿಗಿದು ಕಟ್ಟಿ ಹೊಡೆದರೆ ಒಮ್ಮೊಮ್ಮೆ ಅಂಚು ಕೂರುತ್ತದೆ. ಕೂರದಿದ್ದರೆ ಅಂಗಡಿಯ ಕಂಪ್ರೆಸರೇ ಗತಿ.

ನಿಮ್ಮದು ಕಡ್ಡಿ ಚಕ್ರದ ಬೈಕ್ ಆದರೆ ಒಳಗೆ ಟ್ಯೂಬ್ ಇರುವುದೇ ಜಾಸ್ತಿ. ಅಲ್ಲಿ ಈ ಮೊಳೆಯ ಉಪಾಯ ನಡೆಯುವುದಿಲ್ಲ, ಟ್ಯೂಬ್ ತೂತಾದರೆ ಗಾಳಿ ಬೇಗ ಹೋಗುತ್ತದೆ. ಪಂಪ್ ಹೊಡೆಯುವ ಮೊದಲು ವಾಲ್ವ್ ನೋಡಿ. ನೆಟ್ಟಗೆ ನಿಲ್ಲದೆ ವಾರೆಯಾಗಿದ್ದರೆ ಟ್ಯೂಬ್ ಒಳಗೆ ಜರುಗಿದೆ ಅಂತ ಅರ್ಥ. ಹಾಗೇ ಓಡಿಸಿದರೆ ವಾಲ್ವ್ ಬುಡದಲ್ಲೇ ಹರಿಯುತ್ತದೆ, ಹೊಸ ಟ್ಯೂಬೇ ಬೇಕಾಗುತ್ತದೆ.

ಎಷ್ಟು ತುಂಬಿಸಬೇಕು ಅನ್ನುವುದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕರಿನಲ್ಲಿ ಇರುತ್ತದೆ. ಹಿಂದೆ ಕೂರುವವರಿದ್ದರೆ ಹಿಂದಿನ ಟೈರಿಗೆ ಬೇರೆ ಅಂಕಿ. ಪಂಪಿನ ಮೇಲಿನ ಮುಳ್ಳನ್ನು ಪೂರ್ತಿ ನಂಬಬೇಡಿ, ಪೆನ್ನಿನಂತಹ ಗೇಜ್ ಒಂದು ಇಟ್ಟುಕೊಳ್ಳಿ. ಸಾತಾರಾ ತಲುಪಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ನೋಡಿ. ಓಡಿ ಬಿಸಿಯಾದ ಟೈರಿನಲ್ಲಿ ಎರಡು ಮೂರು ಪಿಎಸ್‌ಐ ಜಾಸ್ತಿ ತೋರಿಸಿದರೆ ಗಾಳಿ ಬಿಡಬೇಡಿ. ತಣ್ಣಗಾದಾಗ ಸರಿಹೋಗುತ್ತದೆ. ಕಡಿಮೆ ತೋರಿಸಿದರೆ ಎಲ್ಲೋ ಸೋರುತ್ತಿದೆ.

ನಿಲ್ಲಿಸುವ ಜಾಗದ ಬಗ್ಗೆಯೂ ಹೇಳಲೇಬೇಕು. ಘಾಟಿನ ತಿರುವಿನಲ್ಲಿ, ಸುರಂಗದೊಳಗೆ, ಸೇತುವೆ ಮೇಲೆ ಬೇಡ. ಈ ಹೈವೇಯಲ್ಲಿ ಲಾರಿಗಳು ಎಡ ಅಂಚನ್ನು ಒರೆಸಿಕೊಂಡೇ ಹೋಗುತ್ತವೆ. ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋದರೂ ಸರಿ, ಸರ್ವಿಸ್ ರೋಡಿಗೆ ಇಳಿಯಿರಿ. ಗಟ್ಟಿ ನೆಲ ನೋಡಿ ಡಬಲ್ ಸ್ಟ್ಯಾಂಡ್ ಹಾಕಿ, ಆಗ ಚಕ್ರ ತಿರುಗಿಸಿ ವಾಲ್ವನ್ನು ಕೈಗೆ ಸಿಗುವ ಕಡೆ ತರಬಹುದು.

ಕೊಳ್ಳುವಾಗ ಪ್ಲಾಸ್ಟಿಕ್ಕಿನದು ಬೇಡ, ಕಬ್ಬಿಣದ ಪೆಡಲ್ ಇರುವುದು ನೋಡಿ. ನಳಿಕೆ ಉದ್ದ ಇರಲಿ. ತಂದ ದಿನವೇ ಮನೆ ಮುಂದೆ ಎರಡೂ ಚಕ್ರಕ್ಕೆ ಸಿಕ್ಕಿಸಿ ಗಾಳಿ ಹೊಡೆದು ನೋಡಿ. ಕೆಲವು ಬೈಕುಗಳಲ್ಲಿ ಬ್ರೇಕಿನ ಡಿಸ್ಕ್ ಅಥವಾ ಚೈನ್ ಕೂರುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಅಡ್ಡ ಬಂದು ಪಂಪಿನ ಮೂತಿ ವಾಲ್ವಿನ ಮೇಲೆ ಕೂರುವುದೇ ಇಲ್ಲ. ನಿಮ್ಮದೂ ಹಾಗಿದ್ದರೆ ಬಾಗಿದ ಚಿಕ್ಕ ಅಡಾಪ್ಟರ್ ಸಿಗುತ್ತದೆ, ತಂದು ಪಂಪಿಗೇ ಕಟ್ಟಿಡಿ.